ಹೂ ಕಟ್ಟುವ ನೆಪದ ಪಾಠ

ತಡವರಿಸುವ ನಾಲಗೆಯ ಮುಂದೆ ಅವಸರ ತೋರದವಳು. ತಪ್ಪಿಗಿಂತ ಮೊದಲು ತಪ್ಪಿದ ಮಗುವನ್ನು ನೋಡುವವಳು. ಪೂಜೆಯ ಭಸ್ಮ ಹಣೆಯ ಮೇಲೆ ಆರುವ ಮುನ್ನವೇ ಹೊಲದ ಬದುವಿನಲ್ಲಿ ನಿಲ್ಲುವವಳು. ಕೇಳಿದ ಗುಟ್ಟನ್ನು ಗಂಡನ ಕಿವಿಗೂ ಹಾಕದವಳು. ಅಕ್ಷರವನ್ನು ಶಿವನ ಮೈಯೆಂದೇ ನಂಬಿದವಳು. ಇಷ್ಟು ಗುಣಗಳಿಗೆ ತಾಳವಾಡಿ ಸೀಮೆಯ ದೊಡ್ಡಗಾಜನೂರಿನಲ್ಲಿ ನೆಲೆಯಾದಾಕೆ ಬೇಸಾಯಗಾರ ಮಹದೇವಸ್ವಾಮಿಯವರ ಮಡದಿ ಶಕುಂತಲಮ್ಮ.

ತಮಿಳುನಾಡಿಗೆ ಸೇರಿದ ಈ ಕನ್ನಡ ಸೀಮೆಯ ಮಕ್ಕಳು ಎರಡು ಲಿಪಿಗಳ ನಡುವೆ ಬೆಳೆಯುತ್ತಾರೆ. ತಮಿಳಿನಲ್ಲಿ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನಡೆಯುತ್ತವೆ. ಸ್ವರವಿಲ್ಲದ ಅಕ್ಷರದ ತಲೆಯ ಮೇಲೆ ಚುಕ್ಕೆಯೊಂದು ಕೂರುತ್ತದೆ. ಅದೇ ಕಣ್ಣಿನಿಂದ ಕನ್ನಡದತ್ತ ತಿರುಗಿದ ಮಗುವಿಗೆ ಸಾಲಿನ ಕೆಳಗಿಳಿದ ಒತ್ತಕ್ಷರ ಕಾಣಿಸುವುದೇ ಇಲ್ಲ. ಹತ್ತಿ ಎಂಬುದು ಹತಿಯಾಗುತ್ತದೆ. ಪದ ಉದ್ದವಾದರಂತೂ ಮೊದಲೆರಡು ಅಕ್ಷರ ಓದಿ, ಉಳಿದುದನ್ನು ಊಹಿಸಿ ನುಂಗಿಬಿಡುತ್ತದೆ. ಅಂಥ ಮಗುವಿಗೆ ಶಾಲೆಯಲ್ಲಿ ದಡ್ಡನೆಂಬ ಹೆಸರು.

ಶಕುಂತಲಮ್ಮ ಅಂಥವರನ್ನು ಸಂಜೆ ಊರಿನ ಮಠದ ಜಗಲಿಯ ಮೇಲೆ ಕೂರಿಸಿಕೊಳ್ಳುತ್ತಿದ್ದಳು. ಮುಸುಕಿನ ಜೋಳದ ಒಣಗರಿಯನ್ನು ಪದದ ಮೇಲಿಟ್ಟು, ಒಂದೊಂದೇ ತುಂಡನ್ನು ಬಯಲು ಮಾಡುವುದು ಆಕೆಯ ಕ್ರಮ. ಒತ್ತು ಬಿಟ್ಟರೆ, "ಮೇಲ್ ಕೂತವ್ರನ್ನ ಮಾತಾಡುಸ್ಬುಟ್ಟು ಬಂದ್ಯಲ್ಲವ್ವ, ಕೆಳಗ ಕೂತವ್ರು ಏನ್ ಪಾಪ ಮಾಡುದ್ರು?" ಎನ್ನುವಳು.

ಕೂಲಿಯ ನಾಗಮಣಿಯ ಮಗಳು ಮೀನಾ ಸೂರ್ಯೋದಯ ಎಂಬ ಪದದೆದುರು ಹಲವು ಸಂಜೆ ಸೋತಿದ್ದಳು. ಈ ವರ್ಷವೂ ಓದು ಹತ್ತದಿದ್ದರೆ ಶಾಲೆ ಬಿಡಿಸಿ ಕೆಲಸಕ್ಕೆ ಕರೆದೊಯ್ಯುವೆನೆಂದು ತಾಯಿ ಹೇಳಿಯಾಗಿತ್ತು.

"ಸೂ... ಯೋ..."

"ಯೋ ಇಂದ್ಗಡ ಒಂದು ಬಾಲ ಅದಲ್ಲ, ಅದ್ಯಾರ್ದು?"

"ರಕಾರದ್ದು."

"ಅದು ನಿಮ್ಮಾವ ಚಿಕ್ಕಸಿದ್ದನಂಗ ಕಣವ್ವ. ಪಂಚಾಯ್ತಿಗ ಕೊನೇಲಿ ಬತ್ತಾನ, ಮೊದ್ಲು ಅವ್ನೇ ಬಾಯ್ ಬುಡ್ತಾನ."

ಮೀನಾ ಕಿಸಕ್ಕನೆ ನಕ್ಕು, "ಸೂರ್... ಯೋ... ದಯ" ಎಂದಳು. ಆಮೇಲೆ ಇಡಿಯಾಗಿ ಅಂದಳು.

ಮಕ್ಕಳಿಗಿಂತ ಹೆತ್ತವರ ನಾಚಿಕೆ ದೊಡ್ಡದು. ಅದಕ್ಕೆಂದೇ ಶಕುಂತಲಮ್ಮ ಬಹುಕಾಲದ ಹಿಂದೆ ಒಂದು ಕಟ್ಟಳೆ ಮಾಡಿದ್ದಳು. ಬರುವ ಮಗು ಚೆಂಡುಹೂವಿನ ಬುಟ್ಟಿ ಹಿಡಿದು ಬರಬೇಕು. ಕೇಳಿದವರಿಗೆ ಮಠಕ್ಕೆ ಹೂ ಕಟ್ಟಲು ಹೊರಟೆನೆನ್ನಬೇಕು. ಕೈ ಹಾರ ಕಟ್ಟುತ್ತಿತ್ತು, ಕಣ್ಣು ಓದುತ್ತಿತ್ತು. ಹಾರ ದೇವರಿಗೆ ಸಲ್ಲುತ್ತಿದ್ದುದರಿಂದ ಮಾತೂ ಸುಳ್ಳಾಗಲಿಲ್ಲ. ಜಗಲಿಯಲ್ಲಿ ಪಾಠವಾಗುವುದು ಊರಿಗೆ ಗೊತ್ತು. ಓದಲಾರದೆ ಬಂದವರು ಯಾರು, ಬರಿಯ ಹೂವಿಗೆ ಬಂದವರು ಯಾರು ಎಂಬುದು ಮಾತ್ರ ಆ ಜಗಲಿ ಇಳಿದದ್ದಿಲ್ಲ.

ಹಾಗೆ ಬಂದವರಲ್ಲಿ ಸೌಮ್ಯ ಒಬ್ಬಳು. ತನ್ನ ಹೆಸರಿನ ಒತ್ತನ್ನೇ ಗುರುತಿಸಲಾರದೆ ಅಳುತ್ತಿದ್ದ ಹುಡುಗಿ ಈಗ ತಾಳವಾಡಿಯ ಖಾಸಗಿ ಶಾಲೆಯೊಂದರಲ್ಲಿ ಶಿಕ್ಷಕಿ. ದೊಡ್ಡಗಾಜನೂರಿನಲ್ಲೇ ದೊಡ್ಡತಾಯಮ್ಮನ ಮನೆಯ ಸೊಸೆ. ಈ ವರ್ಷ ಕೆಲವರು ಗೊಣಗತೊಡಗಿದರು: ಶಕುಂತಲಮ್ಮನ ಪಾಠದ ಮಕ್ಕಳು ಪದವನ್ನು ಮುರಿದು ಮುರಿದು ಓದುತ್ತಾರೆ, ಸೌಮ್ಯಳ ಶಾಲೆಯ ಮಕ್ಕಳು ಪಾಠವನ್ನು ಗಡಗಡನೆ ಒಪ್ಪಿಸುತ್ತಾರೆ, ಜಗಲಿಯನ್ನು ಅವಳಿಗೇ ಕೊಡಬೇಕು. ಮಠದ ಉಸ್ತುವಾರಿಯ ಪ್ರಭುಸ್ವಾಮಿ ಸೋಮವಾರದ ಪೂಜೆಯ ಬಳಿಕ ಎಲ್ಲರನ್ನೂ ಸೇರಿಸುವುದೆಂದಾಯಿತು.

ಹಿಂದಿನ ದಿನ ಸೌಮ್ಯಳೇ ಬಂದು ಕೈಹಿಡಿದಳು. "ನೀವು ಸುಮ್ಕ ಕೂತ್ಕಳಿ ಅವ್ವಾರೆ. ನಾನೂ ಅಂಗೇ ಮುರ್ದು ಓದೇ ಕಲ್ತುದ್ದು ಅಂತ ನಾನೇ ಯೋಳ್ತೀನಿ."

ಶಕುಂತಲಮ್ಮ ಅಂದು ನಿಶ್ಚಿಂತೆಯಿಂದ ಉಂಡಳು.

ಸಭೆಯಲ್ಲಿ ಪ್ರಭುಸ್ವಾಮಿ, "ಏನವ್ವ ಸೌಮ್ಯ, ಚಿಕ್ಕೋಳಾಗಿದ್ದಾಗ ನೀನೂ ಅಲ್ಲಿಗ ಓಯ್ತಿದ್ಯಲ್ಲ. ಅವ್ರ ಪಾಠ ಎಂಗ?" ಎಂದು ಕೇಳಿದ.

"ಯಾನು? ನಮ್ಮ ಸೊಸ ಓದಕ್ ಬರ್ದೆ ಅಲ್ಲಿಗ ಓಗಿದ್ಲಾ?" ಎಂದು ದೊಡ್ಡತಾಯಮ್ಮ ನಡುವೆ ಬಾಯಿ ಹಾಕಿದಳು. ಜನ ನಕ್ಕರು.

ಸೌಮ್ಯಳ ಕಣ್ಣು ಗೋಡೆಗೆ ಹೋಯಿತು. "ಇಲ್ಲ ಅತ್ತೆ, ನಾ ಊ ಕಟ್ಟಕ ಓಯ್ತಿದ್ದೆ, ಅಷ್ಟೇಯ. ಅವ್ರ ಪಾಠದಲ್ಲಿ... ಮಕ್ಳು ತೊದ್ಲೋದ್ನೇ ಕಲೀತಾವ."

ಶಕುಂತಲಮ್ಮನಿಗೆ ಒಡನೆ ನಂಬಲಾಗಲಿಲ್ಲ. ಮಗುವಿನ ಮಾನ ಮುಚ್ಚಲೆಂದು ತಾನೇ ಹೊದಿಸಿದ ವಸ್ತ್ರದೊಳಗಿಂದ ಕೈಯೊಂದು ಹೊರಬಂದು ತನ್ನ ಕೆನ್ನೆಗೆ ಬಡಿದಂತಾಯಿತು.

ಪಕ್ಕದಲ್ಲಿದ್ದ ನಾಗಮಣಿ ಮೊಣಕೈಯಿಂದ ತಿವಿದಳು. "ಬಾಯ್ ಬುಡಿ ಅವ್ವಾರೆ! ಯಾರ್ ಊ ಕಟ್ಟುದ್ರು, ಯಾರ್ ಓದುದ್ರು, ನಿಮ್ಗ ಗೊತ್ತಿಲ್ವಾ?"

ಒಂದು ಮಾತು ಆಡಿದ್ದರೆ ಜಗಲಿ ಉಳಿಯುತ್ತಿತ್ತು. ಆದರೆ ಕಂಬದ ಮರೆಯಲ್ಲಿ ಬುಟ್ಟಿ ಹಿಡಿದು ನಿಂತ ಮಕ್ಕಳು ಆಕೆಯ ಬಾಯನ್ನೇ ನೋಡುತ್ತಿದ್ದರು. ಇಂದು ಒಬ್ಬಳ ಗುಟ್ಟು ಬಿಟ್ಟುಕೊಟ್ಟರೆ ನಾಳೆ ಯಾವ ಮಗು ತನ್ನನ್ನು ನಂಬೀತು?

"ನಾ ಯೋಳುದು ಏನೂ ಇಲ್ಲ ಸ್ವಾಮಿ," ಎಂದು ಎದ್ದಳು. ಜಗಲಿ ಸೌಮ್ಯಳದಾಯಿತು.

ಮರುದಿನ ಸೌಮ್ಯ ಹಿತ್ತಲ ಬಾಗಿಲಿಂದ ಬಂದಳು. "ಅತ್ತ ಎಲ್ರ ಮುಂದ ಅಂಗ್ ಕೇಳುದ್ಮೇಲ, ನೀವೆಲ್ಲಿ ಯೋಳ್ಬುಡ್ತೀರೋ ಅಂತ ಜೀವ ಕೈಲಿತ್ತು ಅವ್ವಾರೆ. ಅದ್ಕೇ ನಾನೇ ಮೊದ್ಲು ಅಂಗಂದ್ಬುಟ್ಟೆ."

ಜಗಲಿ ಹೋದುದು ಸಂಕಟವಾಗಿತ್ತು. ಈ ಮಾತು ಎದೆಯನ್ನೇ ಸೀಳಿತು.

"ಅಷ್ಟ್ ವರ್ಷ ನನ್ ಮಗ್ಗುಲ್ಲೇ ಕೂತಿದ್ದಲ್ಲ ಸೌಮ್ಯ," ಎಂದಳು ಶಕುಂತಲಮ್ಮ. "ಇಷ್ಟೇನಾ ನೀ ನನ್ನ ಕಂಡುದ್ದು?"

"ತಪ್ಪಾಯ್ತು, ಬುಟ್ಬುಡಿ ಅವ್ವಾರೆ."

"ಓಗವ್ವ. ನಿಮ್ಮತ್ತ ಉಡುಕ್ತಾಳ."

ಕ್ಷಮಿಸಿದೆನೆಂದು ಆಕೆ ಅಂದು ಹೇಳಲಿಲ್ಲ; ಇಂದಿಗೂ ಹೇಳಿಲ್ಲ. ಬೀದಿಯಲ್ಲಿ ಎದುರಾದಾಗ ದಾರಿ ಬದಲಿಸುವವಳೂ ಶಕುಂತಲಮ್ಮನೇ, ತಪ್ಪು ತನ್ನದೇ ಎಂಬಂತೆ. ಕಾರಣವೇನೆಂದು ಕೇಳಿದ ಮಹದೇವಸ್ವಾಮಿಗೂ ಆಕೆ ಅದನ್ನು ಹೇಳಿಲ್ಲ.

ಹಳೆಯ ಮಕ್ಕಳು ಈಗ ಬರುವುದಿಲ್ಲ. ಶಕುಂತಲಮ್ಮನ ಮನೆಯ ಅರಿಸಿನದ ಕಣದ ಪಕ್ಕದ ಕೊಟ್ಟಿಗೆಯಲ್ಲಿ ಮೀನಾ ಒಬ್ಬಳೇ ಆಕೆಯ ಮುಂದೆ ಕೂತು ಓದುತ್ತಾಳೆ. ಕೇಳಿದವರಿಗೆ ನಾಗಮಣಿ ನಡುಬೀದಿಯಲ್ಲೇ ಉತ್ತರ ಕೊಡುತ್ತಾಳೆ: "ನಮ್ಮುಡ್ಗಿಗ ಓದಕ್ ಬರದಿಲ್ಲ, ಕಲಿಯಕ ಓಯ್ತಾಳ. ಬ್ಯಾಸಾಯ ಕಲಿಯಕಿಲ್ವಾ, ಅಂಗೇ." ಶಾಲೆ ಬಿಡಿಸುವ ಮಾತು ಆಕೆ ಮತ್ತೆ ಎತ್ತಿಲ್ಲ.

ಶಿವನು ಶಕುಂತಲಮ್ಮನ ಕಣ್ಣಿನ ಬೆಳಕನ್ನು ಕಾಯಲಿ. ಮಹದೇವಸ್ವಾಮಿಯ ಹೊಲವನ್ನು ಆನೆ ಹಂದಿಗಳು ತುಳಿಯದಿರಲಿ. ಆ ಮನೆಯ ಹಾಲು ಕರೆಯುವ ಹಸುಗಳಿಗೆ ಹಸಿರು ತಪ್ಪದಿರಲಿ, ಒಲೆ ತಣ್ಣಗಾಗದಿರಲಿ. ನಂಬಿ ನೊಂದ ಆ ಎದೆಗೆ ನಿದ್ರೆ ಸುಖವಾಗಿ ಬರಲಿ.