ಮಹಡಿಯಿಂದ ಇಳಿಬಿಟ್ಟ ತಂತಿ

ಹಳೆಯ ಲ್ಯಾಪ್‌ಟಾಪಿಗೆ ಮನೆಯಲ್ಲಿ ಎಷ್ಟು ಮರ್ಯಾದೆಯೆಂದು ನಿಮಗೂ ಗೊತ್ತು: ಅರ್ಧ ಪರದೆ ಕಪ್ಪು, ಬ್ಯಾಟರಿ ಸತ್ತದ್ದು, ಮುಚ್ಚಳ ನಿಲ್ಲಲು ರಬ್ಬರ್ ಬ್ಯಾಂಡು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ, ಶಿಡ್ಲಘಟ್ಟದ ನಮ್ಮ ಲಗ್ನಪತ್ರಿಕೆ ಅಂಗಡಿ ಅಂಥದೊಂದನ್ನು ನಂಬಿಕೊಂಡು ನಡೆಯುತ್ತಿತ್ತೆಂದರೆ ನೀವು ನಗಬಹುದು.

ಕೆಳಗೆ ಅಂಗಡಿ, ಮೇಲೆ ಮನೆ. ಪತ್ರಿಕೆ ಟೈಪು ಮಾಡುತ್ತಿದ್ದವಳು ನನ್ನ ಹೆಂಡತಿ ಸರೋಜ, ಅಚ್ಚು ಹಾಕುತ್ತಿದ್ದವನು ನಾನು. ಅವಳು ಕಾಯಿಲೆ ಬಿದ್ದು ಮೆಟ್ಟಿಲಿಳಿಯಲಾಗದೆ ಹೋದಾಗ ಅಂಗಡಿಯ ಎರಡು ಕಂಪ್ಯೂಟರುಗಳಲ್ಲಿ ಒಂದನ್ನು ಮಂಚದ ಪಕ್ಕಕ್ಕೇ ಸಾಗಿಸಿದೆ. ಅವಳು ಟೈಪು ಮಾಡಿದ್ದನ್ನು ಫ್ಲಾಪಿಯಲ್ಲಿ ತರಲು ನಾನು ಗಳಿಗೆಗೊಮ್ಮೆ ಮಹಡಿ ಹತ್ತುವುದನ್ನು ನೋಡಲಾರದೆ, "ಮಂಡಿನೋವು ಇಟ್ಕೊಂಡು ಎಷ್ಟು ಸಲ ಹತ್ತೀರಿ? ಬೇರೆ ಏನಾದ್ರೂ ದಾರಿ ನೋಡ್ರೀ" ಎಂದಳು.

ವಿಂಡೋಸಿನ ಭಾರ ಹೊರಲಾರದ ಆ ಲ್ಯಾಪ್‌ಟಾಪಿಗೆ, ಕಂಪ್ಯೂಟರ್ ಮಾಸಿಕವೊಂದರ ಜೊತೆ ಬಂದಿದ್ದ ಸಿಡಿಯಿಂದ ಲಿನಕ್ಸ್ ಎಂಬ ಹಗುರವಾದ ಬಿಟ್ಟಿ ವ್ಯವಸ್ಥೆಯನ್ನು ಹಾಕಿದೆ. ನೆಟ್‌ವರ್ಕ್ ಕಾರ್ಡನ್ನು ಅದು ಗುರುತಿಸುವಷ್ಟರಲ್ಲಿ ಸಾಕುಸಾಕಾಗಿತ್ತು. ಕಿಟಕಿಯಿಂದ ತಂತಿ ಇಳಿಬಿಟ್ಟು ಎರಡೂ ಕಂಪ್ಯೂಟರುಗಳನ್ನು ಆ ಲ್ಯಾಪ್‌ಟಾಪಿಗೆ ಜೋಡಿಸಿ, ಇಬ್ಬರ ಫೈಲುಗಳಿಗೂ ಅದನ್ನೇ ಉಗ್ರಾಣ ಮಾಡಿದೆ. ಮೇಲೆ ಅವಳು ಉಳಿಸಿದ ಫೈಲು ಕೆಳಗೆ ಕಾಣಿಸಿದಾಗ ಕೂಗಿಕೊಂಡೆ. ಮಹಡಿಯಿಂದ ಅವಳ ನಗು ಕೇಳಿಸಿತು. ಆದರೆ ದೂರವನ್ನು ಅಳಿಸುವ ಸಾಧನಗಳು ಭೇಟಿಯ ನೆಪಗಳನ್ನೂ ಅಳಿಸಿಬಿಡುತ್ತವೆ, ಗೆಳೆಯರೇ. ಫೈಲುಗಳು ತಪ್ಪದೆ ಬರುತ್ತಿದ್ದವು, ಅವಳು ಸೊರಗುತ್ತಿದ್ದುದು ನನಗೆ ಮೊದಲಿನಷ್ಟು ಕಾಣುತ್ತಿರಲಿಲ್ಲ.

ಅಷ್ಟರಲ್ಲಿ ಮಗಳ ಮದುವೆ ಗೊತ್ತಾಯಿತು. ಅದರ ಪತ್ರಿಕೆಯನ್ನು ತಾನೇ ಮಾಡಬೇಕೆಂಬುದು ಸರೋಜಳ ಹಟ. ಒಂದು ಮಧ್ಯಾಹ್ನ ಫೈಲು ಬಂತು, ಒಂದಲ್ಲ, ಎರಡು. ಮೊದಲನೆಯದರಲ್ಲಿ ಎಲ್ಲರ ಪತ್ರಿಕೆಯಂತೆ ನಮ್ಮಿಬ್ಬರ ಹೆಸರು. ಎರಡನೆಯದರಲ್ಲಿ ಮಗಳು ದಿವಂಗತ ಸರೋಜಮ್ಮನವರ ಪುತ್ರಿ. ಹೆಂಡತಿಯಿಲ್ಲದವನು ಧಾರೆಯೆರೆಯುವಂತಿಲ್ಲವೆಂಬ ನಮ್ಮವರ ಪದ್ಧತಿಯಂತೆ ಅಲ್ಲಿ ನನ್ನ ಅಣ್ಣ ಅತ್ತಿಗೆಯರ ಹೆಸರು. ತಾರೀಖಿನ ಜಾಗವನ್ನು ಖಾಲಿ ಬಿಟ್ಟಿದ್ದಳು.

ಮೆಟ್ಟಿಲು ಹೇಗೆ ಹತ್ತಿದೆನೋ ತಿಳಿಯದು. "ಇದೇನೇ ಇದು?" ಎಂದೆ.

"ಆ ಎರಡನೇದು ನಿಮ್ ಕೈಲಿ ಟೈಪ್ ಮಾಡಕ್ಕಾಗಲ್ಲ ಕಣ್ರೀ, ಅದಕ್ಕೇ ನಾನೇ ಮಾಡ್ಬಿಟ್ಟೆ" ಎಂದಳು. "ಒಂದ್ಸಲ ಓದಿ, ತಪ್ಪಿದ್ರೆ ಹೇಳಿ."

ಮಂಚದ ತುದಿಯಲ್ಲಿ ಕುಳಿತು ಅಳುತ್ತಲೇ ಓದಿದೆ. ತಪ್ಪಿರಲಿಲ್ಲ.

ಮದುವೆಗೆ ಅವಳು ಉಳಿಯಲಿಲ್ಲ. ವರ್ಷದೊಳಗೇ ಮಾಡಿಬಿಡಬೇಕೆಂದರು ಹಿರಿಯರು. ಖಾಲಿ ಜಾಗದಲ್ಲಿ ತಾರೀಖು ತುಂಬಿ ಎರಡನೆಯದನ್ನೇ ಅಚ್ಚಿಗೆ ಹಾಕಿದೆ. ಅಣ್ಣ ಅತ್ತಿಗೆ ಧಾರೆಯೆರೆದರು. ನಾನು ಪಕ್ಕದಲ್ಲಿ ನಿಂತು ನೋಡಿದೆ. ಮೊದಲನೆಯದನ್ನು ಅಳಿಸುವ ಕೆಲಸವೊಂದನ್ನು ಮಾತ್ರ ಅವಳು ನನಗೆ ಬಿಟ್ಟಿದ್ದಳು. ಅದು ಇವತ್ತಿಗೂ ನನ್ನ ಕೈಲಾಗಿಲ್ಲ.