ಮೆನ್ನ ದನಿ ತಗ್ಗಿಸಿ ಹೇಳಿದ ಹೆಸರು

ಹುನುರೊಳ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಆ ಕಡೆ ಕಲ್ಲಿನ ಮೇಲೆ ಕಾಳು ಅರೆದರೆ ಈ ಕಡೆ ನಮ್ಮ ಗೂಡಿನಲ್ಲಿದ್ದ ದೇವರು ಅಲುಗಾಡುತ್ತಿತ್ತು. ಅವಳು ತೀರಿಹೋಗಿ ವರ್ಷವಾಯಿತು, ನದಿ ಒಂದು ಸಲ ಉಕ್ಕಿ ಇಳಿದಿದೆ. ಅವಳ ಬಗ್ಗೆ ಊರವರು ಬಾಯಿಗೆ ಬಂದದ್ದು ಹೇಳುತ್ತಾರೆ. ನಾನು ಕಂಡದ್ದು ಇಷ್ಟು.

ಅವಳ ಗಂಡ ಕಾಸ, ನಮ್ಮ ಊರಿನ ಗಂಡಸರೆಲ್ಲರಂತೆ, ಗುಡ್ಡದ ಆಚೆ ಅರಸರ ಗೋರಿ ಕೊರೆಯುವ ಕೆಲಸದವನು; ಗೋಡೆಗೆ ಗಾರೆ ಬಳಿಯುತ್ತಿದ್ದ. ಹೋದರೆ ವಾರ ತುಂಬಿದ ಮೇಲೇ ಮನೆಗೆ ಬರುವುದು. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರಿಗೆ ಮಕ್ಕಳಿರಲಿಲ್ಲ. ಕತ್ತೆಗಳು ನೀರು ಹೊತ್ತು ತರುವ ಕಡೆ ಹೆಂಗಸರ ಬಾಯಿ ಸುಮ್ಮನಿರುತ್ತದೆಯೇ?

“ಹುನುರೊ, ನಿಂಗ್ಯಾಕೆ ಎರಡು ಕೊಡ? ಮೈ ತೊಳಿಯೋಕೆ ನಿಮ್ಮನೇಲಿ ಮಕ್ಕಳಾ ಮರಿಯಾ?”

ಅವಳು ನಕ್ಕು ಎರಡು ಕೊಡ ಹೊತ್ತೇ ಹೋಗುತ್ತಿದ್ದಳು. ಎರಡನೆಯದನ್ನು ಹಿತ್ತಿಲ ಮರಳಿಗೆ ಸುರಿಯುವ ಸದ್ದು ನನಗೆ ಕೇಳಿಸುತ್ತಿತ್ತು. ಹನಿ ನೀರು ಹುಟ್ಟದ ಊರು ನಮ್ಮದು.

ಮನೆಯಲ್ಲಿ ಬಕೇತಿ ಎಂಬ ತೊತ್ತು ಇದ್ದಳು. ಹುನುರೊಳ ತವರಿನಿಂದ ಅವಳ ಜೊತೆಗೇ ಬಂದವಳು. ಹಿಟ್ಟು ಅರೆಯುವುದು, ರೊಟ್ಟಿ ಸುಡುವುದು, ಅಷ್ಟೇ ಅವಳ ಬದುಕು, ಮಾತು ಕಡಿಮೆ. ಒಂದು ವರ್ಷ ಬಿತ್ತನೆಯ ಕಾಲಕ್ಕೆ ಹುನುರೊ ಅವಳನ್ನು ಕರೆದುಕೊಂಡು ಹೊಳೆಯಾಚೆ ಅಕ್ಕನ ಮನೆಗೆ ಹೋದಳು. ಕೊಯ್ಲು ಮುಗಿದ ಮೇಲೆ ಬಂದಾಗ ಸೊಂಟದ ಮೇಲೆ ಹೆಣ್ಣುಕೂಸು.

“ತೂಯಾ ಅಂತ ಹೆಸರಿಟ್ಟಿದೀನಿ. ನನಗೆ ಹಾಲು ಬರಲಿಲ್ಲ, ಬಕೇತಿ ಕುಡಿಸ್ತಾಳೆ” ಎಂದಳು.

“ಬಕೇತಿಗೆ ಎಲ್ಲಿಂದ ಬಂತೇ ಹಾಲು?” ಎಂದೆ ನಾನು.

“ಅವಳಿಗೂ ಒಂದಾಗಿತ್ತು ಅಕ್ಕಾ. ಹುಟ್ಟಿ ಸತ್ತೋಯ್ತು.”

ಬಕೇತಿ ಅಲ್ಲೇ ಕಲ್ಲಿನ ಮುಂದೆ ಮಂಡಿಯೂರಿದ್ದಳು. ಬದುಕಿರುವ ಕೂಸನ್ನು ಒಡತಿ ಬಾಯಲ್ಲೇ ಕೊಂದರೂ ಅವಳ ಕೈ ನಿಲ್ಲಲಿಲ್ಲ. ಮಗುವಿನ ಹುಬ್ಬು ಕಾಸನ ಹುಬ್ಬೇ. ಅದನ್ನು ನೋಡಿ ನಾವೆಲ್ಲ ನಂಬಿದೆವು. ನಂಬಿದರೆ ಯಾರಿಗೂ ತೊಂದರೆ ಇರಲಿಲ್ಲ.

ತೂಯಾಗೆ ನಾಲ್ಕು ತುಂಬಿದ್ದಾಗ, ಒಂದು ಮಧ್ಯಾಹ್ನ, ಮಗು ನೀರಿನ ಗಡಿಗೆಯ ಅಡಿಗೆ ಕೈ ಹಾಕಿತು. ತಂಪಿಗೆ ಅಲ್ಲಿ ಚೇಳು ಮಲಗಿತ್ತು. ಆ ಕೂಗಿಗೆ ನಾನು ಕೈಯಲ್ಲಿದ್ದ ಹಿಟ್ಟು ಬಿಟ್ಟು ಓಡಿದೆ. ಬಾಯಲ್ಲಿ ನೊರೆ, ಕಣ್ಣುಗುಡ್ಡೆ ಮೇಲೆ. ಚೇಳಿನ ಮಂತ್ರ ಹಾಕುವ ಮೆನ್ನ ಅವತ್ತು ಕಾಲು ಉಳುಕಿ ಊರಲ್ಲೇ ಉಳಿದಿದ್ದ, ಕುಂಟುತ್ತಾ ಬಂದ.

“ದಾರಿ ಬಿಡ್ರವ್ವಾ. ನಿಮ್ಮ ಗಲಾಟೆ ಕೇಳಿದ್ರೆ ವಿಷ ಇಳಿಯೋದಿರಲಿ, ಸತ್ತ ಚೇಳೂ ಎದ್ದು ಬರ್ತದೆ.”

ಕೂಸಿನ ತಲೆಯ ಮೇಲೆ ಕೈಯಿಟ್ಟು ಕೇಳಿದ. “ಹೆಸರು?”

“ತೂಯಾ.”

“ಯಾರ ಹೊಟ್ಟೇಲಿ ಹುಟ್ಟಿದ್ದು?”

ಅದನ್ನು ಕೇಳದೆ ಯಾರೂ ಮಂತ್ರ ಹಾಕುವುದಿಲ್ಲ. ಅಪ್ಪನ ಹೆಸರು ವಿಷಕ್ಕೆ ಬೇಡ. ಯಾವ ತಾಯಿಯ ಮಗುವಿನಿಂದ ಇಳಿಯಬೇಕು ಎಂದು ಅದಕ್ಕೆ ಹೇಳಬೇಕು.

“ಹುನುರೊ” ಎಂದಳು ಹುನುರೊ.

ಮೆನ್ನ ಶುರು ಮಾಡಿದ. ಹುನುರೊ ಹೆತ್ತ ತೂಯಾಳ ಮೈಯಿಂದ ಇಳಿ, ನೆಲಕ್ಕೆ ಇಳಿ ಎಂದು. ಬಾವು ಇಳಿಯುವ ಬದಲು ಮೊಣಕೈ ದಾಟಿ ಕಂಕುಳಿಗೆ ಹತ್ತಿತು. ಅವನು ಬೆವರು ಒರೆಸಿಕೊಂಡ.

“ಇನ್ನೊಂದ್ಸಲ ಹೇಳವ್ವ. ಯಾರ ಮಗಳು?”

“ಹೇಳಿದ್ನಲ್ಲಣ್ಣ. ನನ್ನ ಮಗಳು.”

ಬಾಗಿಲಲ್ಲಿ ಬಕೇತಿ ನಿಂತಿದ್ದಳು, ಮೊಣಕೈವರೆಗೆ ಹಿಟ್ಟು. ಅವಳು ಮಗುವನ್ನು ನೋಡುತ್ತಿರಲಿಲ್ಲ, ಒಡತಿಯ ಬಾಯನ್ನೇ ನೋಡುತ್ತಿದ್ದಳು.

ಮೆನ್ನ ಈಗ ದೊಡ್ಡ ಮಂತ್ರವನ್ನೇ ಎತ್ತಿದ, ಸೂರ್ಯನೇ ಆದ ರಾ ದೇವರನ್ನು ಹಾವು ಕಚ್ಚಿದ ಕತೆಯದು. ಉರಿ ತಾಳಲಾರದೆ ರಾ ಕೂಗುತ್ತಾನೆ. ಮಂತ್ರ ಬಲ್ಲ ದೇವಿ ಐಸಿಸ್ ತಾಯಿ ಬಂದು, ನಿನ್ನ ಹೆಸರು ಹೇಳು, ವಿಷ ಇಳಿಸುತ್ತೇನೆ ಅನ್ನುತ್ತಾಳೆ. ಅವನು ಬೆಟ್ಟ ಕಟ್ಟಿದವನು ನಾನು, ನೀರು ಹರಿಸಿದವನು ನಾನು ಅನ್ನುತ್ತಾನೆ. ಬೆಳಗ್ಗೆ ಖೆಪ್ರಿ, ನಡುಹಗಲು ರಾ, ಸಂಜೆ ಆತುಮ್ ಅನ್ನುತ್ತಾನೆ. ಎಲ್ಲವೂ ಜಗತ್ತಿಗೇ ಗೊತ್ತಿರುವ ಹೆಸರು. ಹುಟ್ಟುವಾಗಲೇ ಹೊಟ್ಟೆಯೊಳಗೆ ಬಚ್ಚಿಟ್ಟುಕೊಂಡ ಹೆಸರು ಬೇರೆಯೇ ಇದೆ. ಅದನ್ನು ಮಾತ್ರ ಬಿಡುವುದಿಲ್ಲ. ವಿಷ ಹತ್ತುತ್ತಲೇ ಇರುತ್ತದೆ.

“ನೀ ಹೇಳಿದ್ದರಲ್ಲಿ ನಿನ್ನ ಹೆಸರಿಲ್ಲ” ಎಂದು ಮೆನ್ನ ಐಸಿಸ್‌ಳ ಮಾತನ್ನು ಹೇಳಿದ. ಅದನ್ನು ಅವನು ಎಂದಿನಂತೆಯೇ ಹೇಳಿದ್ದು. ಆದರೆ ಹುನುರೊ ಮೈಮೇಲೆ ಬಿಸಿನೀರು ಬಿದ್ದವಳ ಹಾಗೆ ಎದ್ದಳು.

“ಇವರನ್ನೆಲ್ಲ ಆಚೆ ಕಳಿಸಣ್ಣ.”

“ಹೊತ್ತಿಲ್ಲ ತಾಯಿ. ಕಿವೀಲಿ ಹೇಳು. ರಾ ಕೂಡ ಹಂಗೇ ಹೇಳಿದ್ದು. ಇವತ್ತಿಗೂ ಆ ಹೆಸರು ನಮಗ್ಯಾರಿಗೆ ಗೊತ್ತು?”

ಅವಳು ಬಗ್ಗಿ ಅವನ ಕಿವಿಗೆ ಬಾಯಿಟ್ಟಳು. ಅವನು ತಲೆ ಎತ್ತಿ ಅವಳನ್ನು ನೋಡಲಿಲ್ಲ. ಮತ್ತೆ ಮೊದಲಿನಿಂದ ಮಂತ್ರ ಹಿಡಿದ. ತಾಯಿಯ ಹೆಸರು ಬಂದ ಕಡೆ ದನಿ ತಗ್ಗಿಸಿದ. ತುಟಿ ಮಾತ್ರ ಅಲ್ಲಾಡಿತು. ಸ್ವಲ್ಪ ಹೊತ್ತಿಗೆ ಕೂಸು ವಾಂತಿ ಮಾಡಿ, ಬೆವರಿ, ಅಳತೊಡಗಿತು. ಸಂಜೆಗೆ ಖರ್ಜೂರ ಕೇಳಿತು.

ಜೋರಾಗಿ ಹೇಳಿದ್ದರೆ ನಾಲ್ಕು ದಿನ ಆಡಿಕೊಂಡು ಬಿಡುತ್ತಿದ್ದೆವೇನೋ. ದನಿ ತಗ್ಗಿಸಿದ್ದರಿಂದ ಯಾರ ಹೆಸರೆಂದು ಕೇಳುವುದೇ ಬೇಕಾಗಲಿಲ್ಲ. ನಾವು ಹೆಂಗಸರೆಲ್ಲ ನೆಲ ನೋಡುತ್ತಾ ಹೊರಗೆ ಬಂದೆವು. ಗೋಡೆಯಾಚೆ ಕಲ್ಲಿನ ಸದ್ದು ಮತ್ತೆ ಶುರುವಾಯಿತು.

ಆಮೇಲೆ ಹುನುರೊ ನೀರಿಗೆ ಬರಲಿಲ್ಲ. ಮಗುವನ್ನು ಎತ್ತಿಕೊಳ್ಳುವುದನ್ನೂ ಬಿಟ್ಟಳು; ಅದು ಕೈ ಚಾಚಿದರೆ ಬಕೇತಿಯ ಕಡೆ ತೋರಿಸುತ್ತಿದ್ದಳು. ಕಾಸನ ಕೈಲಿ ಬರಹ ಕೊರೆದ ಒಂದು ಹರಕೆಯ ಕಲ್ಲು ಮಾಡಿಸಿ ಬೆಟ್ಟದ ತುದಿಯ ದೇವಿಯಮ್ಮನಿಗೆ ಒಪ್ಪಿಸಿದಳು: ತಿಳಿಗೇಡಿ ಹೆಂಗಸು ನಾನು, ಒಳ್ಳೆಯದು ಕೆಟ್ಟದ್ದು ಅರಿಯದೆ ಹೋದೆ ಎಂದು. ನಾನು ಆ ಕಲ್ಲನ್ನು ಹೊಗಳಲು ಹೋದೆ.

“ಏನು ತಪ್ಪು ಅಂತ ಅದರಲ್ಲಿ ಕೊರೆಸಿಲ್ಲ ಅಕ್ಕಾ. ಅಲ್ಲೂ ಮುಚ್ಚಿಟ್ಟೆ.”

“ಮಕ್ಕಳಾಗದೋರು ಊರಲ್ಲಿ ನೀನೊಬ್ಬಳೇನಾ? ಬಿಡೇ.”

“ಅದಕ್ಕಲ್ಲ. ಮೆನ್ನ ಮೊದಲನೇ ಸಲ ಕೇಳಿದಾಗ ಅಭ್ಯಾಸಕ್ಕೆ ಬಾಯಿಗೆ ಬಂತು ಅನ್ನಬಹುದು. ಎರಡನೇ ಸಲ? ಕಂಕುಳವರೆಗೂ ಊದಿದ್ದು ಕಂಡೂ ನನ್ನ ಮಗಳು ಅಂದೆನಲ್ಲ. ಸತ್ತರೂ ನನ್ನ ಮಗಳಾಗೇ ಸಾಯಲಿ ಅಂತ ಅನ್ನಿಸಿತ್ತು, ಅಕ್ಕಾ. ಒಂದು ಗಳಿಗೆ ಅನ್ನಿಸಿತ್ತು.”

ನಾನು ಈರುಳ್ಳಿ ಬೇಕಾ ಎಂದು ಕೇಳಿದೆ.

ತೂಯಾ ಬೆಳೆದಳು, ನಮ್ಮ ಬೀದಿಗೇ ಸೊಸೆಯಾದಳು. ಚೊಚ್ಚಲ ಹೆರಿಗೆ ಕಷ್ಟವಾಯಿತು. ಮಾಳಿಗೆಯ ಚಪ್ಪರದೊಳಗೆ ಹೆರಿಗೆಯ ಇಟ್ಟಿಗೆಗಳ ಮೇಲೆ ಕೂತಿದ್ದಳು. ಬಕೇತಿ ಹಿಂದಿನಿಂದ ಬೆನ್ನಿಗೆ ಒತ್ತು ಕೊಟ್ಟಿದ್ದಳು, ಆಗಲೇ ಮುದುಕಿ. ಹುನುರೊ ಒಳಗೆ ಬರದೆ ಏಣಿಯ ಬಳಿ ನಿಂತಿದ್ದಳು. ಸೂಲಗಿತ್ತಿ ಮಂತ್ರ ಹೇಳಲು ಕೂತಳು. ಅವಳಿಗೂ ತಾಯಿಯ ಹೆಸರು ಬೇಕು.

“ತೂಯಾ, ಹುನುರೊ ಹೆ...”

“ಬಕೇತಿ” ಎಂದಳು ಹುನುರೊ ಏಣಿಯ ಕಡೆಯಿಂದ. “ಬಕೇತಿ ಹೆತ್ತ ಮಗಳು ತೂಯಾ. ಗಟ್ಟಿಯಾಗಿ ಹೇಳು, ಬೀದಿಗೆ ಕೇಳಲಿ.”

ಸೂಲಗಿತ್ತಿ ನನ್ನ ಮುಖ ನೋಡಿದಳು. ನಾನು ಹೇಳು ಎಂದು ತಲೆಯಾಡಿಸಿದೆ. ತೂಯಾ ನೋವಿನಲ್ಲೇ ಏಣಿಯ ಕಡೆ ತಿರುಗಿದಳು.

“ಗೊತ್ತು ಕಣವ್ವಾ, ಯಾವಾಗಲೋ ಗೊತ್ತು. ಈಗ ಬಂದು ಕೈ ಹಿಡ್ಕೊ.”

ಹುನುರೊ ಬಂದಳು, ಕೈ ಹಿಡಿದಳು. ಮುಖ ಮಾತ್ರ ಮೇಲೆತ್ತಲಿಲ್ಲ. ಮಧ್ಯಾಹ್ನಕ್ಕೆ ಗಂಡುಕೂಸು ಹುಟ್ಟಿತು. ಸೂಲಗಿತ್ತಿ ಅದನ್ನು ಹುನುರೊಳ ಕಡೆಗೇ ಚಾಚಿದಳು.

“ಮೊದಲು ಅವಳಿಗೆ” ಎಂದಳು ಹುನುರೊ, ನೆಲ ನೋಡುತ್ತಾ.

ಬಕೇತಿ ಎರಡೂ ಕೈಗಳನ್ನು ಬಟ್ಟೆಗೆ ಒರೆಸಿಕೊಂಡಳು. ಅವತ್ತು ಅವಳ ಕೈಯಲ್ಲಿ ಹಿಟ್ಟಿರಲಿಲ್ಲ.