ನಲವತ್ತನೆಯ ಮನೆ

ಜನಗಣತಿಗೆಂದು ತಂಗಡಗಿಯ ಗೋಡೆಗಳ ಮೇಲೆ ನಾನೇ ಕೆಮ್ಮಣ್ಣಿನಲ್ಲಿ ನಂಬರು ಬರೆದಿದ್ದೆ. ನಲವತ್ತನೆಯ ಮನೆಯ ಆಯಿ ಅದರ ಮೇಲೆ ಸಗಣಿ ಸಾರಿಸಿ, ಮೊಮ್ಮಗನನ್ನು ಸೆರಗಿನಲ್ಲಿ ಅಡಗಿಸಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಹೊಳೆಗೆ ಸೇತುವೆ ಕಟ್ಟುವವರು ನಂಬರಿನ ಪ್ರಕಾರ ಮನೆಗೊಂದು ಜೀವ ಬಲಿ ಕೊಡುತ್ತಾರೆಂದು ಊರೆಲ್ಲ ಗುಲ್ಲು.

“ಬರೇ ಮಂದಿ ಎಣಸೂದ್ರಿ ಆಯಿ,” ಅಂದೆ.

“ಪಾಪ, ನಿನಗೂ ಖರೇ ಹೇಳಿಲ್ಲ ಅವರು,” ಎಂದು ಆಕೆ ನನಗೇ ಮರುಗಿದಳು.

ಇಂಗ್ಲಿಷ್ ಶಾಲೆಯಲ್ಲಿ ಕಲಿತ ತರ್ಕವೆಲ್ಲ ಅಲ್ಲಿಗೆ ಮುಗಿಯಿತು. ಆದರೂ ಹುಡುಗನ ಹೆಸರು ಬರೆಯದೆ ಏಳಬಾರದೆಂದು ಕಟ್ಟೆಯ ಮೇಲೆ ಕೂತೇ ಬಿಟ್ಟೆ.

“ನಾ ಇರೂ ಮನಿ ನಂಬರ್ ಮೂರ್ರಿ. ಮೊದಲ ನನ್ನ ಒಯ್ತಾರ. ನಿಮ್ಮ ಪಾಳಿ ಬರೂದ್ರಾಗ ಸೇತುವಿ ಮುಗದಿರ್ತೈತಿ.”

ಆಯಿ ತುಸು ಯೋಚಿಸಿದಳು. “ಬಸಪ್ಪ ಅಂತ ಬರಕೋ. ಉಂಡ ಹೋಗ, ಯವ್ವಾ.”

ಬಲಿಗೆ ಹೊರಟವಳಿಗೆ ಮಾಡುವ ಉಪಚಾರವದು. ಸಂಕೋಚ ಬಿಟ್ಟು ಎರಡು ರೊಟ್ಟಿ ತಿಂದೆ.